ಹೋಳಿಗೊಂದು ಕಣ್ಣು

ಪೆನ್ಷನ್ ಮೊಹಲ್ಲಾದ ಗುಜರಿಯಲ್ಲಿ
ತೂಕಕ್ಕೆ ಸಿಕ್ಕ ಪುಸ್ತಕ. ಒಂದೂಕಾಲು ಕೇಜಿ.
ಬಾಲ ಬಂದ, ಚುಕ್ಕಿ ಹೊತ್ತ ಅಕ್ಷರ;
ಪೋಲೆಂಡಿನದೋ ರುಮೇನಿಯಾದ್ದೋ, ನನಗೆ ತಿಳಿಯದು.
ಸಾಲು ನಿಂತ ಜನ, ಟ್ರಾಮು, ಹಿಮ ಕಲಸಿದ ಕೆಸರು,
ಕಿಟಕಿಯಲ್ಲಿ ಗಡ್ಡ ಹೆರೆಯುತ್ತ ಒಬ್ಬ.
ಯಾರೂ ನಗುತ್ತಿಲ್ಲ.
ನಗಬೇಡಿ ಅಂತ ಯಾರೂ ಹೇಳಿಯೂ ಇಲ್ಲ.

ಹಾಗೆ ಹೇಳುವವನು ನಾನು.
ಇಪ್ಪತ್ತಾರು ವರ್ಷದಿಂದ, ನೀಲಿ ಪರದೆಯ ಮುಂದೆ ಸ್ಟೂಲು ಹಾಕಿ:
'ಗದ್ದ ಎತ್ತಿ, ಕಿವಿ ಕಾಣ್ಲಿ, ಉಸಿರು ಹಿಡೀರಿ.'
ಹಾಸನದ ಅರ್ಧ ಊರು
ನನ್ನೆದುರು ಉಸಿರು ಕಟ್ಟಿ ಕೂತು ಎದ್ದಿದೆ.

ನಲವತ್ತೊಂದನೆಯ ಪುಟದ ಹೆಂಗಸು,
ತಲೆಗೆ ವಸ್ತ್ರ, ಬಲೆಚೀಲದಲ್ಲಿ ಆಲೂಗೆಡ್ಡೆ,
ಎಡಗಾಲನ್ನು ಬೂಟಿನಿಂದ ಹಿಮ್ಮಡಿಯಷ್ಟೇ ಹೊರಗೆಳೆದು
ಆರಲು ಬಿಟ್ಟಿದ್ದಾಳೆ.
ಆ ಹಿಮ್ಮಡಿ ನನ್ನ ನಿದ್ದೆ ಕೆಡಿಸಿತು.

ಮೇ ತಿಂಗಳು. ಜಲಂಧರದ ಲಾರಿ ಬಂದು ಹೋಗಿತ್ತು.
ದುದ್ದದ ಹತ್ತಿರ, ಶೆಡ್ಡಿನ ನೆರಳಲ್ಲಿ,
ನಿಂಗಾಜಮ್ಮ ಗೋಣಿ ಹಾಸಿ ಬೀಜ ಹೆಚ್ಚುತ್ತಿದ್ದಳು:
ಗೆಡ್ಡೆ ಹೊರಳಿಸಿ, ಹೆಬ್ಬೆರಳಲ್ಲಿ ತಡವಿ, ಚೂರಿ.
'ಹೋಳಿಗೊಂದು ಕಣ್ಣು ಉಳೀಬೇಕು ಕಣಪ್ಪ.
ಕುರುಡು ಹೋಳು ನೆಟ್ರೆ ಮಣ್ಣಿಗೇ ಮೋಸ.'

ಕ್ಯಾಮೆರಾ ಎತ್ತಿದೆ. ಸೆರಗು ಸರಿಯಾಯಿತು,
ಚಾಚಿದ ಕಾಲು ಮಡಿಚಿಕೊಂಡಿತು,
ಗದ್ದ ತಾನಾಗಿ ಮೇಲೆ. ಎಂದೋ
ನನ್ನ ಸ್ಟೂಲಿನ ಮೇಲೆ ಕೂತವಳೇ ಇರಬೇಕು.
'ಆಧಾರ್‌ಗಾ, ಪಿಂಚಣಿಗಾ?'
'ಸುಮ್ನೆ.'
'ಸುಮ್ನೆ ಅಂದ್ರೆ, ಕಾಸು ಕೊಡೋರ್ಯಾರು?'

ಎರಡು ಮೂಟೆ ಮುಗಿಯುವ ತನಕ ಕಾದೆ.
ಮಗ್ಗುಲವಳ ಜೊತೆ ಸೊಸೆಯ ಮಾತು,
ಹೋದ ವರ್ಷದ ಅಂಗಮಾರಿಯ ಮಾತು, ಎಲೆಅಡಿಕೆ;
ನಾನೂ ಒಂದು ಗೋಣಿಯಾದೆ.
ಕಾಲು ತನ್ನಷ್ಟಕ್ಕೆ ಚಾಚಿತು.
ಚಪ್ಪಲಿ ಅರ್ಧ ಜಾರಿತು.
ಒಂದೇ ಒಂದು ತೆಗೆದೆ.

ಪ್ರಿಂಟು ಒಯ್ದು ಕೊಟ್ಟಾಗ ಬೆಳಕಿಗೆ ಹಿಡಿದು ನೋಡಿದಳು.
'ಮುಖ ಪರವಾಗಿಲ್ಲ. ಈ ಕಾಲ್ಯಾಕಪ್ಪ ಬಂತು?
ಥೂ, ಇಲ್ಲಿಗೆ ಕತ್ತರಿಸು.'
ನನ್ನಲ್ಲಿ ಕತ್ತರಿ ಇರಲಿಲ್ಲ.
ಅವಳೇ ಹೆಬ್ಬೆರಳಲ್ಲಿ ತಡವಿ ಜಾಗ ಗೊತ್ತುಮಾಡಿ
ಚೂರಿ ಎಳೆದಳು.
ಮೇಲಿನದು ಎಲೆಅಡಿಕೆ ಚೀಲಕ್ಕೆ.

ಕೆಳಗಿನ ಹೋಳು ನನ್ನ ಪಾಲು:
ಮಣ್ಣು, ಗೋಣಿಯ ಅಂಚು, ಒಡೆದ ಹಿಮ್ಮಡಿ.
ನಲವತ್ತೊಂದನೆಯ ಪುಟದಲ್ಲಿ ಇಟ್ಟಿದ್ದೇನೆ.
ಆ ಊರಲ್ಲೂ ಯಾರಾದರೂ ಪ್ರಿಂಟು ಒಯ್ದು ಕೊಟ್ಟರೋ,
ಆಕೆ ಏನಂದಳೋ.

ಬೆಳಿಗ್ಗೆ ಶಟರ್ ಎತ್ತಿದರೆ ಮೊದಲ ಗಿರಾಕಿ:
'ಅರ್ಜೆಂಟು ಸಾರ್, ಎಂಟು ಕಾಪಿ.'
ಗದ್ದ ಎತ್ತಿ ಅನ್ನಬೇಕು.
ಅವನ ಕಾಲು ನೋಡುತ್ತ ನಿಂತಿದ್ದೇನೆ.