ನಾಕು ಕಿಸೇದ ಸಫಾರಿ

ಸಫಾರಿ ಅಂದ್ರ ನಮಗ ಕಾಡಲ್ಲ.
ಅರ್ಧ ತೋಳು, ನಾಕು ಕಿಸೆ,
ಅಂಗೀದೂ ಪ್ಯಾಂಟಿಂದೂ ಒಂದ ಬಣ್ಣ.
ಬ್ಯಾಂಕ್ ಮ್ಯಾನೇಜರ, ಡಿಪೋ ಮ್ಯಾನೇಜರ, ಹೆಣ್ಣು ಕೊಡೋ ಮಾವ.
ಎಂಬತ್ತಾರರಾಗ ದುರ್ಗದ ಬೈಲಿನ ಇದ ಗೂಡಿನಾಗ ಕುಂತು
ವಾರಕ್ಕ ಒಂಬತ್ತು ಹೊಲದೀನಿ.
ಒಂದರೊಳಗೂ ಸಿಂಹ ಇರಲಿಲ್ಲ.

ಬಸವ ಜಯಂತಿ ಮರುದಿನ ನೀಲಾಂಬಿಕಾ ಅಕ್ಕಾರು ಬಂದ್ರು,
ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ದಲಾಲಿ ಅಂಗಡಿ,
ಈಗ ವಿದ್ಯಾನಗರದಾಗ ಮನಿ.
ಚೀಲದಿಂದ ಯಜಮಾನರ ಹಳೇ ಸಫಾರಿ ತಗದ್ರು:
ಒಣ ಮಣ್ಣಿನ ಬಣ್ಣ. ಕಾಲರಿನೊಳಗ ನನ್ನ ಪಟ್ಟಿ,
'ಬೊಂಗಾಳೆ ಟೇಲರ್ಸ್'. 'ಬೊ' ಅಳಿಸಿತ್ತು.

"ನನ್ನ ಅಳತಿಗೆ ಇಳಸ್ರಿ. ಜೂನಿಗೆ ಹೊಂಟೇನಿ.
ಹದಿನೇಳು ದಿನ, ನಾಕು ದೇಶ."
ಬೆರಳು ಮಡಚಿದ್ರು: ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ಜಾಂಬಿಯಾ,
ಬೋಟ್ಸ್ವಾನಾ ಅನ್ನೂವಾಗ ಹಲ್ಲಿನ ಸೆಟ್ಟು ಸರಿ ಮಾಡಿಕೊಂಡ್ರು.
ಕಿಸೆಗೊಂದು ದೇಶ ಅಂತ ಬಾಯಿಗೆ ಬಂದದ್ದು ನುಂಗಿದೆ.
"ಒಬ್ಬಾರ?"
"ಒಬ್ಬಾಕಿನ."

ಆ ಕಾಡಿಗೆ ನೀಲಿ ಹಾಕ್ಕೊಂಡು ಹೋಗಬಾರದಂತ, ಕರೀದೂ ಬ್ಯಾಡಂತ,
ಒಂದು ಜಾತಿ ನೊಣ ಮುತ್ತತಾವಂತ.
"ಹೆಸರಿಗೇನ ಮಾಡ್ಲಿ?" ಅಂತ ತಾವ ನಕ್ಕರು.

ಗುಡಾರದಾಗ ಇರೂದು ಅಂದಾಗ ನಾ ಪಾಪ ಅಂದುಕೊಂಡೆ.
ಸಣ್ಣಾಂವ ಇದ್ದಾಗ ಪೆಂಡಾಲಿನ ಕ್ಯಾನ್ವಾಸ್ ಹೊಲದ ಕೈ ಇದು,
ಸೂಜಿ ಮುರೀತಿತ್ತು, ಹೆಬ್ಬೆರಳು ಬಾಯ್ತಿತ್ತು.
ಫೋನಿನಾಗ ತೋರಿಸಿದ್ರು. ಅದ ಕ್ಯಾನ್ವಾಸು,
ಒಳಗ ತಾಮ್ರದ ಸ್ನಾನದ ತೊಟ್ಟಿ, ಕರದರ ಬರೂ ಆಳು.
ತೊಟ್ಟ್ಯಾಗ ಕುಂತರ ಹೊಳಿಯಾಗ ಆನಿ ನೀರು ಕುಡಿಯೂದು ಕಾಣತೈತಿ.
ರಾತ್ರಿಗೆ ಎಷ್ಟು ಅಂತ ಕೇಳಿದೆ.
ಹೇಳಿದ್ರು.
ನಾ ಮಶೀನಿಗೆ ಎಣ್ಣಿ ಬಿಟ್ಟೆ.

ಸಣ್ಣ ವಿಮಾನಕ್ಕ ಚೀಲ ಹದಿನೈದ ಕಿಲೋ, ಗಾಲಿ ಇರಬಾರದು.
ಅದನ್ನೂ ನಾನ ಹೊಲದೆ.
"ಕಟಕ ರೊಟ್ಟಿ ತೂಕ ಬರೂದಿಲ್ಲ, ಶೇಂಗಾ ಹಿಂಡಿ ಬರತೈತಿ"
ನಿಂತಲ್ಲೇ ಲೆಕ್ಕ ಹಾಕಿದ್ರು.
ತಕ್ಕಡಿ ಮುಂದ ಹಣ್ಣಾದ ಮನಿ.

ರಾತ್ರಿ ಹೊಲಿಗಿ ಬಿಚ್ಚಿದೆ.
ಎದಿ ಕಿಸೆಯ ಮೂಲ್ಯಾಗ ಕೆಂಪು ಪುಡಿ.
ಸೀನಿನ ಮ್ಯಾಲೆ ಸೀನು, ಕಣ್ಣಾಗ ನೀರು.
ದಿನಾ ಟೆಂಡರಿನ ಹೊತ್ತಿಗೆ ಆ ಮನಿಷ್ಯಾ
ಕಾಯಿ ಮುರದು, ಬೀಜ ನೋಡಿ, ಸುಕ್ಕು ನೋಡಿ,
ಉಳದದ್ದು ಕಿಸೆಗೆ ಇಳಿಸಿರಬೇಕು.
ಝಾಡಿಸಬೇಕಂತ ಎತ್ತಿದೆ.
ಹಂಗ ಮಡಚಿ ಹೊಲದುಬಿಟ್ಟೆ.
ಹೆಂಗಸರದು ಗುಂಡಿ ಎಡಕ್ಕ ಬರಬೇಕು,
ಅವರು ಬಲಕ್ಕ ಇರಲಿ ಅಂದಿದ್ರು.

ಪಂಚಮಿ ಉಂಡಿ ಹಿಡಕೊಂಡು ತಿರುಗಿ ಬಂದ್ರು. ಬಿಸಿಲಿಗೆ ಮೂಗು ಸುಲದಿತ್ತು.
ಕೇಪ್‌ಟೌನಿನಾಗ ಮೇಜಿನಂಥಾ ಗುಡ್ಡ,
ಮ್ಯಾಲೆ ಮೋಡ ಹಾಸ್ಯಾರ, ಅಂಚು ಮಡಚಿಲ್ಲ.
ಝೀಬ್ರಾದ ಪಟ್ಟಿ ಬೆನ್ನಮ್ಯಾಲೆ ಬರೋಬ್ಬರಿ ಕೂಡ್ಯಾವ,
ಹೊಟ್ಟಿ ಕೆಳಗ ಹೆಂಗ ಕೂಡಿಸ್ಯಾನ ಅಂತ ಕೇಳಿದೆ.
ಬಗ್ಗಿ ನೋಡಿಲ್ಲ ಅಂದ್ರು.
ಸಿಂಹ? ಐತಿ. ನಿದ್ದಿ ಹೊಡೀಲಿಕ್ಕತ್ತಿತ್ತು,
ಮಧ್ಯಾಹ್ನದ ಕಮೀಶನ್ ಏಜೆಂಟರಂಗ.

ದೊಡ್ಡ ಜಲಪಾತದ ಮುಂದ ರೇನ್‌ಕೋಟ್ ಕೊಟ್ಟರಂತ.
ಬ್ಯಾಡ ಅಂದು ಹಂಗ ನಿಂತು ತೊಯ್ದಾರ.
ಎದಿ ಕಿಸೆಯಿಂದ ಕೆಂಪು ಬಣ್ಣ ಇಳದು ಹೊಟ್ಟಿ ತನಕ.
ಗೈಡ ಹುಡುಗ ರಕ್ತ ಅಂತ ಓಡಿ ಬಂದ.
"ರಕ್ತ ಅಲ್ಲಪಾ, ರೊಕ್ಕ" ಅಂದ್ರಂತ, ಕನ್ನಡದಾಗ.
ಜಾಂಬಿಯಾದ ಹುಡುಗಗ ಏನು ತಿಳೀತೋ, ತಲಿ ಹಾಕ್ಯಾನ.

"ಕಲಿ ತಗೀಲ್ರಿ?"
"ಬ್ಯಾಡ. ಗುಂಡಿ ಒಂದು ಹೋಗೇತಿ, ಅಷ್ಟ ಹಚ್ರಿ."
"ಎಲ್ಲಿ ಬಿತ್ತು?"
"ಚೋಬೆ ಹೊಳಿ ದಂಡ್ಯಾಗ. ಸುತ್ತೆಲ್ಲ ಆನಿ ಹೆಜ್ಜಿ ಇದ್ದವು, ಹುಡುಕಗೊಡಲಿಲ್ಲ."

ತಗಡಿನ ಡಬ್ಬಿ ಸುರುವಿದೆ. ಎಂಬತ್ತಾರರ ಆ ಗುಂಡಿ
ಇನ್ನೂ ಮೂರು ಉಳದಿದ್ದವು. ಒಂದು ಹಚ್ಚಿದೆ.
ಎರಡು ರೂಪಾಯಿಗೆ ಡಜನ್ ತಂದದ್ದು.