ಎಡಗಡೆಯ ಸ್ಟೂಲು

ಸ್ಕ್ಯಾನಿನ ಚೀಟಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ.
ಆಮೇಲೆ ಓದೋಣ, ದೋಸಿಂದಾ. ಮೊದಲು ಕೋಟು ಬಿಚ್ಚಿ.

ಬಿಚ್ಚುವುದನ್ನೇ ನಾನು ನೋಡಬೇಕಿತ್ತು.
ಬಲಗೈ ಸಲೀಸು. ಎಡದ ತೋಳು ಹೊರಗೆಳೆಯುವಾಗ
ಹೆಗಲು ಏರಿತು ನಿಜ, ಅದಕ್ಕೂ ಮೊದಲೇ
ಕುತ್ತಿಗೆ ಕಲ್ಲಾಯಿತು.

ಮಲ್ಪಿಕಾ ಬಂದರಿನಲ್ಲಿ ಬಲೆ ಹೊಲಿಯುವವಳು,
ಮೂವತ್ತೆರಡು ವರ್ಷದಿಂದ.
ಹೆಗಲ ಸ್ನಾಯು ಹರಿದಿದೆ ಎನ್ನುತ್ತದೆ ಚೀಟಿ.
ಹರಿದಿರಬಹುದು. ಅರವತ್ತು ದಾಟಿದ ಹೆಗಲುಗಳಲ್ಲಿ
ನೋಯದೆ ಸುಮ್ಮನೆ ಹರಿದವು ಎಷ್ಟಿಲ್ಲ!
ಬಲೆಯ ಕಣ್ಣೊಂದು ಕಿತ್ತಿದ್ದು ಕಂಡಮಾತ್ರಕ್ಕೆ
ಮೀನು ಅಲ್ಲಿಂದಲೇ ಹೋಯಿತೆಂದು
ಇವಳಾದರೂ ನಂಬುವಳೆ?

ಕೈ ಎತ್ತಿ ಎಂದೆ. ಎತ್ತಿದಳು.
ತಡೆಯಿರಿ ಎಂದು ಅದುಮಿದೆ. ತಡೆದಳು,
ದೋಣಿ ಕಟ್ಟುವ ಗೂಟದ ಹಾಗೆ.
ನೋವೆ? ಎಳೆದಂತೆ ಏನೋ. ಅದಲ್ಲ ಆದರೆ.
ಇಲ್ಲಿ ಒತ್ತಿದರೆ? ಊಹೂಂ, ಇದೂ ಅಲ್ಲ.
ನನಗೆ ಬೇಕಿದ್ದದ್ದು ಅವಳ ‘ಅದು’:
ರಾತ್ರಿ ಮೂರಕ್ಕೆ ಎಬ್ಬಿಸಿ ಕೂರಿಸುವ,
ಹೆಬ್ಬೆರಳ ತನಕ ಇರುವೆ ಹರಿಸುವ ಅದು.

ತಲೆ ಎಡಕ್ಕೆ ತಿರುಗಿಸಿ. ಸ್ವಲ್ಪ ಮೇಲೆ ನೋಡಿ.

ಅದೇ! ಎಂದಳು,
ಸಂತೆಯಲ್ಲಿ ಕಳ್ಳನ ಕೊರಳಪಟ್ಟಿ ಹಿಡಿದವಳ ದನಿಯಲ್ಲಿ.

ಅಷ್ಟಕ್ಕೇ ಊಹೆಗೆ ಗಂಟು ಬಿಗಿಯಬಾರದು.
ಗದ್ದ ಒಳಗೆಳೆದು ಹತ್ತು ಸಲ. ಮತ್ತೆ ತಿರುಗಿದಳು:
ಇರುವೆಗಳು ಮೊಣಕೈಗೆ ಹಿಂದೆ ಸರಿದಿದ್ದವು.
ಇನ್ನು ಹತ್ತು. ಹೆಗಲಂಚಿಗೆ.
ರೋಗದ ಹೆಸರು ಚೀಟಿಯಲ್ಲಿ ಬರುತ್ತದೆ;
ದಾರಿ ಮಾತ್ರ ಹೀಗೆ,
ಒಂದಿಷ್ಟು ಮಾಡಿ, ಮತ್ತೆ ಕೇಳಿ, ತಪ್ಪಾದರೆ ಹಿಂದಿರುಗಿ.

ಮನೆಯಲ್ಲಿ ಮಾಡಬೇಕಾದ್ದನ್ನು ಬರೆಯುತ್ತ ಕೇಳಿದೆ:
ದಿನವಿಡೀ ಎಡಕ್ಕೇ ಏಕೆ ತಿರುಗುತ್ತೀರಿ?
ಕಿವಿ, ಎಂದಳು. ಎಡಗಿವಿ ಸತ್ತು ಒಂಬತ್ತು ವರ್ಷ.
ಎಡಕ್ಕೆ ಕೂರುವವಳು ಒಬ್ದುಲಿಯಾ.
ಒಬ್ದುಲಿಯಾ ಬಾಯಿ ಮುಚ್ಚುವುದಿಲ್ಲ.
ಮುಚ್ಚಿದರೆ ನನಗೆ ಹೊತ್ತು ಹೋಗುವುದಿಲ್ಲ.

ಹಾಗಾದರೆ ಜಾಗ ಬದಲಾಯಿಸಿಕೊಳ್ಳಿ.
ದೋಸಿಂದಾ ನಕ್ಕಳು, ಮೊದಲ ಸಲ:
ಆ ಸ್ಟೂಲಿನ ಪಕ್ಕ ಹೀಟರಿದೆ, ಡಾಕ್ಟ್ರೇ.
(ಡಾಕ್ಟರಲ್ಲ ಎಂದು ಮೂರು ಸಲ ಹೇಳಿ ಆಗಿತ್ತು.)
ಅವಳ ಅಮ್ಮ ಕೂತಿದ್ದ ಸ್ಟೂಲು ಬೇರೆ.
ತನ್ನ ಕುತ್ತಿಗೆ ಬೇಕಾದರೆ ಕೊಟ್ಟಾಳು,
ಜಾಗ ಕೊಡುವವಳಲ್ಲ.

ಚೀಟಿ ಇನ್ನೂ ಬೋರಲಾಗಿಯೇ ಇತ್ತು.
ಅದರ ಬೆನ್ನ ಮೇಲೆ ಒಬ್ದುಲಿಯಾಳಿಗೆ
ನಾಲ್ಕು ಸಾಲಿನ ಕಾಗದ ಬರೆದೆ,
ಕ್ಲಿನಿಕ್ಕಿನ ಮೊಹರನ್ನೂ ಒತ್ತಿ.

ಸೋಮವಾರ ಬರುತ್ತಾಳೆ.
ಇರುವೆಗಳು ಎಲ್ಲಿವೆ, ಎಂದು ಮೊದಲು ಕೇಳಬೇಕು.
ಆಮೇಲೆ, ಹೀಟರು ಯಾರ ಪಕ್ಕ.