ಹೊಳೆಯಾಚೆ ವರ್ಷ ಬೇರೆ

ನಲವತ್ತೊಂದು ವರ್ಷ ಬೆರಿಕ್ ಊರಿನಲ್ಲಿ
ಅಂಚೆ ಹಂಚಿದವನು ನಾನು.
ಮಳೆಗೆ ಕದಡಿದ ಶಾಯಿ, ಕುಡಿದು ಬರೆದ ವಿಳಾಸ,
ಸತ್ತವರ ಹೆಸರಿಗೆ ಬಂದ ತೆರಿಗೆ ನೋಟೀಸು,
ಎಲ್ಲವನ್ನೂ ಯಾವುದೋ ಒಂದು ಬಾಗಿಲಿಗೆ ಮುಟ್ಟಿಸಿದ್ದೇನೆ.
ಹಾಗಾಗಿ ನಿವೃತ್ತಿಯ ಮೊದಲ ಚಳಿಗಾಲ
ಯೂಫೀಮಿಯಾ ಅತ್ತೆಯ ತಗಡಿನ ಪೆಟ್ಟಿಗೆ ತೆರೆದಾಗ
ಹೆದರಲಿಲ್ಲ.

ಹೆದರಬೇಕಿತ್ತು.

ಫೇರ್‌ಬೇರ್ನ್ ನಮ್ಮ ಮನೆತನ.
ಸ್ಕಾಟರ ಆಡುಮಾತಿನಲ್ಲಿ ಚೆಂದದ ಕೂಸು ಎಂದರ್ಥ.
ಒಬ್ಬ ಪಾದ್ರಿ ಫರ್ಬರ್ನ್ ಎಂದ, ಇನ್ನೊಬ್ಬ ಫೇರ್‌ಬಾರ್ನ್,
ನೆಗಡಿಯಾದವನೊಬ್ಬ ಬರೀ ಬರ್ನ್ ಎಂದು ಗೀಚಿ
ಮೂಗೊರೆಸಿಕೊಂಡಿರಬೇಕು.
ಸತ್ತ ಮಗುವಿನ ಹೆಸರು ಮುಂದಿನ ಮಗುವಿಗೆ,
ಅದೂ ಹೋದರೆ ಅದರ ಮುಂದಿನದಕ್ಕೆ:
ಒಂದೇ ಮನೆಯಲ್ಲಿ ಮೂವರು ಅಲಿಸನ್‌ಗಳು.
ಉಳಿದವಳು ಮೂರನೆಯವಳು.
ಅಕ್ಕಂದಿರ ಅಂಗಿ ತೊಟ್ಟಳೋ ಇಲ್ಲವೋ,
ಹೆಸರನ್ನಂತೂ ತೊಟ್ಟೇ ಬೆಳೆದಳು.
ಸ್ಕಾಟ್ಲೆಂಡಿನ ಗೋರಿಕಲ್ಲು
ಹೆಂಗಸಿಗೆ ತವರಿನ ಹೆಸರನ್ನು ಉಳಿಸಿಕೊಡುತ್ತದೆ;
ಇಂಗ್ಲೆಂಡಿನದು "ಇಂಥವನ ಹೆಂಡತಿ" ಎಂದು ಕೈತೊಳೆದುಕೊಳ್ಳುತ್ತದೆ.
ನಡುವೆ ಟ್ವೀಡ್ ಹೊಳೆ
ಯಾರ ಕಡೆಗೂ ಸಾಕ್ಷಿ ಹೇಳದೆ ಹರಿಯುತ್ತದೆ.

ಅತ್ತೆ ಅಡಿಕೋಲಿಟ್ಟು ಎಳೆದ ವಂಶವೃಕ್ಷದಲ್ಲಿ
ಒಂದು ಕೊಂಬೆಗೆ ಮಾತ್ರ ಕೆಂಪು ಶಾಯಿಯ ಅಡ್ಡಗೆರೆ.
ನಿನಿಯನ್, ಜೀನು ಹೊಲಿಯುವವನ ಮಗ.
ಅಪ್ಪ ಅಮ್ಮನ ಮದುವೆ ಸ್ಕಾಟರ ದಡದ ಲೇಡಿಕರ್ಕಿನಲ್ಲಿ,
೧೭೪೧ರ ಮೇ ಮೂರು.
ಮಗುವಿನ ದೀಕ್ಷಾಸ್ನಾನ ಎದುರು ದಡದ ನೊರಮಿನಲ್ಲಿ, ಅವಳ ತವರಲ್ಲಿ,
೧೭೪೧ರ ಫೆಬ್ರವರಿ ಹನ್ನೊಂದು.
ಕೆಳಗೆ ಅತ್ತೆಯ ಮುತ್ತಿನಂಥ ಅಕ್ಷರ:
"ಮದುವೆಗೆ ಮುಂಚೆ ತೊಟ್ಟಿಲು. ಇಲ್ಲಿಗೆ ನಿಲ್ಲಿಸಿದ್ದೇನೆ."

ಎಲ್ಲಿ ನಿಲ್ಲಿಸಿದಳು!
ಅರವತ್ತಾರರಲ್ಲಿ ನನ್ನಕ್ಕ ರೋನಾಳ ಹೊಟ್ಟೆ ಕಾಣತೊಡಗಿದಾಗ
ಚಹಾ ಬಗ್ಗಿಸುತ್ತಲೇ ಅಂದಳು:
"ರಕ್ತದಲ್ಲೇ ಬಂದದ್ದು."
ಕಾರ್ಲೈಲಿನಲ್ಲಿ ಅಂಥವರಿಗೊಂದು ಆಶ್ರಮವಿತ್ತು.
ಅಕ್ಕ ಹೋದದ್ದು ಕಂದು ಸೂಟ್‌ಕೇಸು ಹಿಡಿದು,
ವಸಂತದಲ್ಲಿ ಮರಳಿದ್ದು ಅದೇ ಕಂದು ಸೂಟ್‌ಕೇಸು ಹಿಡಿದು.
ನನಗಾಗ ಹನ್ನೊಂದು.
ಕೇಳಬಾರದು ಎಂಬುದಷ್ಟೇ ಗೊತ್ತಿತ್ತು.
ಆ ಮಗುವಿಗೆ ಯಾರೋ ಬೇರೆ ಹೆಸರಿಟ್ಟಿದ್ದಾರೆ,
ಆ ಕಡತಕ್ಕೆ ಬೀಗ.

ಕಳೆದ ಮಂಗಳವಾರ ದಾಖಲೆ ಕೋಣೆಯಲ್ಲಿ
ಬೆರಳು ಕತ್ತರಿಸಿದ ಕೈಗವಸಿನ ಹುಡುಗಿಯೊಬ್ಬಳು
ನನ್ನ ಕಾಗದ ನೋಡಿ ನಕ್ಕಳು.
"ಆ ಕಾಲಕ್ಕೆ ಇಂಗ್ಲೆಂಡಿನಲ್ಲಿ ಹೊಸ ವರ್ಷ
ಮಾರ್ಚ್ ಇಪ್ಪತ್ತೈದಕ್ಕೆ, ತಾತ.
ಸ್ಕಾಟ್ಲೆಂಡಿನಲ್ಲಿ ಜನವರಿ ಒಂದಕ್ಕೆ.
ನೊರಮಿನ ಪಾದ್ರಿಗೆ ಆ ಫೆಬ್ರವರಿ
ಇನ್ನೂ ನಲವತ್ತೊಂದರದೇ ಬಾಲ.
ಹೊಳೆ ದಾಟಿದರೆ ನಲವತ್ತೆರಡು."

ಬೆರಳು ಮಡಿಸಿ ಎಣಿಸಿದೆ, ಮೇ, ಜೂನ್, ಜುಲೈ...
ಒಂಬತ್ತು ತಿಂಗಳು, ಮೇಲೆ ಎಂಟು ದಿನ.
ಯಾವ ಸೂಲಗಿತ್ತಿಯೂ ಹುಬ್ಬೇರಿಸುವಂತಿಲ್ಲ.
ದೋಣಿಯವನಿಗೆ ಒಂದು ಕಾಸು ಕೊಟ್ಟಿದ್ದರೆ
ಅಳಿಸಿಹೋಗುತ್ತಿದ್ದ ಕಳಂಕ!

ಜೋರಾಗಿ ನಕ್ಕೆ.
ಮನೆಗೆ ಬರುವ ಬಸ್ಸಿನಲ್ಲಿ ಆ ನಗು ಹುಳಿಯಾಯಿತು.
ತೊಟ್ಟಿಲು ಮೊದಲೇ ಬಂದಿದ್ದರೂ ಏನಾಗುತ್ತಿತ್ತು?
ನಿನಿಯನ್ ಗೆದ್ದ ಮಾತ್ರಕ್ಕೆ
ರೋನಾ ಸೋತಂತಾಗಬಾರದಲ್ಲ.

ರಾತ್ರಿ ಅಕ್ಕನಿಗೆ ಫೋನು ಮಾಡಿ
ಎರಡು ಪಂಚಾಂಗಗಳ ಕತೆಯನ್ನು ಪೂರ್ತಿ ಹೇಳಿದೆ.
ಆ ಕಡೆ ಕೆಟಲ್ ಕುದಿದು ತಾನಾಗಿ ಆರಿತು.
ಬಹಳ ಹೊತ್ತಿನ ಮೇಲೆ ಕೇಳಿದಳು:
"ಫೆಬ್ರವರಿಯ ಹೊಳೆ, ಎಷ್ಟು ಚಳಿಯಿತ್ತೋ.
ಮಗುವನ್ನು ಎತ್ತಿಕೊಂಡು ದಾಟಿದ್ದು ಯಾರು?
ಅಮ್ಮನೇ ತಾನೆ?"

ಆ ಪುಟದಲ್ಲಿ ಪಾದ್ರಿಯ ಸಹಿಯಿದೆ,
ತೇವಕ್ಕೆ ಹರಡಿದ ಒಂದು ಕಂದು ಕಲೆಯಿದೆ,
ಅಷ್ಟೇ.
ನಲವತ್ತೊಂದು ವರ್ಷದಲ್ಲಿ ಒಮ್ಮೆಯೂ
ಗೊತ್ತಿದ್ದೂ ತಪ್ಪು ಬಾಗಿಲಿಗೆ ಕಾಗದ ಹಾಕಿದವನಲ್ಲ ನಾನು.

"ಹೌದಕ್ಕ," ಅಂದೆ. "ಅಮ್ಮನೇ."